ಬಲಗೈಯಾಗಿ ಬಂದವನು

ನನ್ನ ಗಂಡನ ಬಲಗೈ ಮುರಿದವನು, ಮುರಿದ ಮಾರನೆಯ ವಾರದಿಂದಲೇ ನಮ್ಮ ಮನೆಗೆ ದಿನಾಲು ಬರತೊಡಗಿದ. ಅವನ ಮೇಲೆ ನನಗೆ ಹುಟ್ಟಬೇಕಾಗಿದ್ದದ್ದು ಸಿಟ್ಟು. ಮೊದಲಿಗೆ ಹುಟ್ಟಿದ್ದೂ ಅದೇ. ಅದು ಯಾವಾಗ ಹೊಟ್ಟೆಕಿಚ್ಚಾಯಿತು ಎಂದು ಈಗ ಹುಡುಕುತ್ತಿದ್ದೇನೆ. ಆಗ ನಾನು ದಿನಚರಿ ಬರೆಯುತ್ತಿದ್ದೆ. ಆ ತಿಂಗಳುಗಳ ತುಂಬ 'ಇವರ ಕೈ ಸುಧಾರಿಸುತ್ತಿದೆ', 'ನಾಟಿ ಮುಗಿಯಿತು' ಎಂಬಂಥ ವಾಕ್ಯಗಳೇ ಇವೆ. ಬಿ.ಎ. ಓದಿದವಳು ಎಷ್ಟು ಸಭ್ಯವಾಗಿ ಸುಳ್ಳು ಬರೆಯಬಲ್ಲಳು! ಹಾಗೆಂದು ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಅದು ತನಗೆ ನೋವಾದ ಜಾಗಗಳನ್ನಷ್ಟೇ ದೊಡ್ಡದು ಮಾಡಿ ಇಟ್ಟುಕೊಂಡಿದೆ.

ನನ್ನ ತವರು ಲಿಂಗಸುಗೂರು. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ವಕೀಲರು. ನಮ್ಮ ಪಡಸಾಲೆಯಲ್ಲಿ ಸದಾ ಗುರುಗುಂಟಾ ಕಡೆಯಿಂದಲೋ ಮಸ್ಕಿ ಕಡೆಯಿಂದಲೋ ಬಂದ ಕಕ್ಷಿದಾರರು ಚಪ್ಪಲಿ ಹೊರಗೆ ಬಿಟ್ಟು ಕೂತಿರುತ್ತಿದ್ದರು. ಫಿರ್ಯಾದಿ, ಆರೋಪಿ, ಜಾಮೀನು ಎಂಬ ಮಾತುಗಳು ನನಗೆ ಅಡಿಗೆಯ ಸಾಮಾನಿನ ಹೆಸರುಗಳಷ್ಟೇ ಪರಿಚಿತ. ಹೈದರಾಬಾದಿನಲ್ಲಿ ಓದು ಮುಗಿಸಿದೆ. ಮುಗಿದ ಮೇಲೆ ಜವಳಗೇರಾದ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ಕಾಲುವೆಗೆ ಆಗಷ್ಟೇ ನೀರು ಬಂದಿತ್ತು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳನ್ನು ಕಡಿದು ಗದ್ದೆ ಮಾಡುತ್ತಿದ್ದರು. 'ನೀರಾವರಿ ಮನೆ' ಎಂಬ ಒಂದೇ ಮಾತಿಗೆ ಅಪ್ಪ ಒಪ್ಪಿದ್ದರು.

ಇವರು ಕೆಟ್ಟವರೇನೂ ಆಗಿರಲಿಲ್ಲ. ಆದರೆ ಮಾತು ಕಡಿಮೆ. ಮುಂಜಾನೆ ಎದ್ದು ಗದ್ದೆಗೆ ಹೋದರೆ ಸಂಜೆ ಬರುವುದು, ಉಣ್ಣುವುದು, ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗುವುದು. ಮದುವೆಯಾಗಿ ವರ್ಷ ಕಳೆದರೂ ಅವರು ನನ್ನನ್ನು 'ಏ, ಕೇಳಿಲ್ಲಿ' ಎಂದೇ ಕರೆಯುತ್ತಿದ್ದರು. ಓದಿದ ಹೆಂಡತಿಯ ಎದುರಿಗೆ ಏನು ಮಾತಾಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲವೆಂದು ಆಗ ನಾನು ನನಗೇ ಹೇಳಿಕೊಂಡಿದ್ದೆ. ಇದು ನನ್ನ ಮಾನ ಉಳಿಸಿಕೊಳ್ಳಲು ಕಟ್ಟಿದ ಕಾರಣವೂ ಇರಬಹುದು.

ಜಗಳ ಆದದ್ದು ನಾಟಿಯ ಕಾಲದಲ್ಲಿ, ಹೊತ್ತು ಮೂಡುವಾಗ, ತೂಬಿನ ಹತ್ತಿರ. ಅವನ ಗದ್ದೆ ಮೇಲಿನದು, ನಮ್ಮದು ಅದರ ಕೆಳಗೆ. ಅವನು ನಮ್ಮವರಿಗಿಂತ ಸ್ವಲ್ಪ ಚಿಕ್ಕವನು, ದೂರದ ಬಳಗವೂ ಹೌದು. ನೀರಿನ ಪಾಳಿ ನಮ್ಮದಿತ್ತು. ಅವನು ಹುಲ್ಲು, ಕೆಸರು ತುರುಕಿ ನಮ್ಮ ಕಡೆಯ ನೀರು ತಡೆದಿದ್ದ. ಇವರು ಹೋಗಿ ಅದನ್ನು ಕಿತ್ತರು. ಮಾತಿಗೆ ಮಾತು ಬೆಳೆಯಿತು. ಅವನು ಸಲಿಕೆ ಬೀಸಿದ. ಇವರು ಕೈ ಅಡ್ಡ ಹಿಡಿದರು. ಮೊಣಕೈ ಕೆಳಗಿನ ಎಲುಬು ಮುರಿಯಿತು.

ಬಸ್ಸಿನಲ್ಲಿ ಲಿಂಗಸುಗೂರಿಗೆ ಒಯ್ದೆವು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದರು. ಅಪ್ಪ ಅಳಿಯನ ಕೈಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಅವತ್ತೇ ಫಿರ್ಯಾದಿ ಬರೆದರು. ನಾಳೆ ಸಿಂಧನೂರಿನ ಠಾಣೆಗೆ ಕೊಡುವುದು ಎಂದಾಯಿತು.

"ಜೇಲು ಕಾಣಸ್ತೀನಿ ಅವಂಗ," ಎಂದರು ಅಪ್ಪ.

ಇವರು ತಲೆ ತಗ್ಗಿಸಿ, "ಮಾಮಾ, ಊರಾಗ ದೈವ ಕೂಡ್ತೈತಂತ. ಅದ ಆಗ್ಲಿ ಮೊದ್ಲು," ಎಂದರು.

ನಮ್ಮ ಕಡೆ ಊರಿನ ಹಿರಿಯರು, ಮನೆಮನೆಯವರು ಒಂದೆಡೆ ಕೂತು ಜಗಳ ಕೇಳುವುದಕ್ಕೆ 'ದೈವ' ಎನ್ನುತ್ತಾರೆ. ಅದು ದೇವರಿಗೆ ಸಂಬಂಧಿಸಿದ್ದೆಂದು ಹೊರಗಿನವರು ತಿಳಿಯುವುದುಂಟು. ಅಪ್ಪ ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದರು. "ನಿಮ್ಮ ಕೈ, ನಿಮ್ಮ ಖುಷಿ," ಎಂದು ಒಳಗೆ ಹೋದರು.

ದೈವ ಕೂಡುವವರೆಗಿನ ಆ ಕೆಲವು ದಿನಗಳ ಬಗ್ಗೆ ಹೇಳಲೇಬೇಕು. ಇವರಿಗೆ ತಾವಾಗಿ ಉಣ್ಣಲು ಬರುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಅವರೂ ಒಪ್ಪಲಿಲ್ಲ, ಅತ್ತೆಯೂ ಬಿಡಲಿಲ್ಲ. ಅಪ್ಪ ಒಂದು ಚಮಚೆ ಕೊಟ್ಟು ಕಳಿಸಿದ್ದರು. "ಚಮಚೆಲೆ ಔಷಧ ಕುಡೀತಾರ, ಊಟ ಮಾಡಂಗಿಲ್ಲ," ಎಂದು ಇವರು ಅದನ್ನು ಗೂಡಿನಲ್ಲಿಟ್ಟರು. ಹೀಗಾಗಿ ನಾನೇ ಉಣಿಸಿದೆ. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ತುತ್ತು ಮಾಡಿ ಬಾಯಿಗಿಟ್ಟೆ. ಅತ್ತೆ ನಾಚಿ, ಏನೋ ಕೆಲಸದ ನೆಪ ಹೇಳಿ ಅಂಗಳಕ್ಕೆ ಹೋಗುತ್ತಿದ್ದರು. ತುತ್ತಿನ ನಡುವೆ ಇವರು ಮಾತಾಡತೊಡಗಿದರು. ಚಿಕ್ಕಂದಿನಲ್ಲಿ ಹಳ್ಳದ ಮರಳಿನಲ್ಲಿ ಒರತೆ ತೋಡಿ ನೀರು ಕುಡಿಯುತ್ತಿದ್ದದ್ದು, ಕಾಲುವೆ ಕಡಿಯುವಾಗ ಮಣ್ಣು ಹೊರಲು ಹೋಗಿದ್ದದ್ದು. ಒಮ್ಮೆ ನನ್ನ ಬೆರಳು ಕಚ್ಚಿ, "ಖಾರ ಆತು," ಎಂದರು. ಅವರ ಕೈ ಮುರಿದದ್ದು ನನಗೆ ಒಳ್ಳೆಯದೇ ಆಯಿತು ಎಂದು ನಾನು ಅಂದುಕೊಂಡೆನೇ? ಅಂದುಕೊಂಡಿರಬೇಕು.

ದೈವ ಕೂಡಿದ್ದು ಊರ ಅಗಸಿ ಬಾಗಿಲಿನ ಒಳಗಿನ ಕಟ್ಟೆಯ ಮುಂದೆ, ಮುಂಜಾನೆ. ಗಂಡಸರು ಸುತ್ತಲೂ ಕೂತರು. ನಡುವೆ ಒಂದು ಕಂಬಳಿ ಹಾಸಿ ಇವರನ್ನೂ ಅವನನ್ನೂ ಅದರ ಮೇಲೆ ಕೂರಿಸಿದರು. ಹೆಂಗಸರು ಗೋಡೆಯ ಪಕ್ಕ. ಊರಾಚೆಯ ಕೇರಿಯವರು ಅದಕ್ಕೂ ದೂರ, ನಿಂತು. ಇದನ್ನು ಬರೆಯದೆ ದೈವವನ್ನು ಹೊಗಳಿದರೆ ತಪ್ಪಾಗುತ್ತದೆ. ನಾನು ಬರುವ ಮುನ್ನ ಇದೇ ದೈವ ಒಬ್ಬ ಗಂಡ ಸತ್ತವಳಿಗೆ ಊರ ಬಾವಿಯ ನೀರು ಬಂದ್ ಮಾಡಿತ್ತಂತೆ. ಅವಳು ಊರು ಬಿಟ್ಟು ಹೋದಳಂತೆ.

ಅಂದು ದೈವ ನಡೆಸಿದ್ದು ಒಬ್ಬ ಹಿರಿಯರು, ಅವರದೊಂದು ಪದ್ಧತಿ ಇತ್ತು. ಯಾರೂ ತನ್ನ ದೂರನ್ನು ಮೊದಲು ಹೇಳುವಂತಿಲ್ಲ. ಎದುರಿನವನಿಗೆ ಏನು ನೋವಾಗಿದೆಯೋ ಅದನ್ನು ಹೇಳಬೇಕು. ಅವನು 'ಹೌದು, ಇಷ್ಟ' ಎಂದ ಮೇಲೆ ತನ್ನದು.

ಅವನ ಸರದಿ ಸುಲಭವಾಗಿತ್ತು. "ಅಣ್ಣನ ಪಾಳಿ ನೀರು ತಡದ್ನಿ. ಕೈ ಮುರದ್ನಿ. ನಾಟಿ ಹೊತ್ನ್ಯಾಗ ಮನಿಯಾಗ ಕುಂದ್ರಂಗ ಮಾಡಿದ್ನಿ," ಎಂದ. ಇವರು ಹೌದೆಂದರು.

ಆಮೇಲೆ ಹಿರಿಯರು ಇವರ ಕಡೆ ತಿರುಗಿದರು. "ಈಗ ಅವಂದು ಹೇಳಪಾ."

ಇವರು ಪಟ್ಟಿಯ ಅಂಚನ್ನು ಎಡಗೈಯಿಂದ ತಿರುವಿದರು. ಕೊನೆಗೆ, "ಅವಂಗ ಒಂದು ಮಾತು ಅಂದೀನ್ರಿ. ಅನಬಾರದಿತ್ತು," ಎಂದರು.

"ಏನು ಮಾತು?"

"ಎಲ್ಲಾರ ಮುಂದ ಹೇಳಾಕ ಬರಂಗಿಲ್ರಿ."

"ಹಂಗಾರ ನನ್ನ ಕಿವ್ಯಾಗ ಹೇಳು."

ಇವರು ಎದ್ದು ಹೋಗಿ ಬಾಗಿ ಹೇಳಿದರು. ಹಿರಿಯರ ಮುಖ ಸಣ್ಣದಾಯಿತು. ಕಂಬಳಿಯ ಮೇಲೆ ಅವನು ತಲೆ ಎತ್ತಿರಲಿಲ್ಲ. "ಹೌದು, ಇಷ್ಟ," ಎಂದ.

"ಇದೂ ಎಲುಬು ಮುರಿದಂಗ ಐತಿ. ಕಾಣಂಗಿಲ್ಲ, ಅಷ್ಟ," ಎಂದರು ಹಿರಿಯರು.

ನನಗೆ ಆಘಾತವಾಯಿತು. ನನ್ನ ಮನಸ್ಸಿನಲ್ಲಿ ಅದುವರೆಗೆ ಒಬ್ಬ ಹೊಡೆದವ, ಒಬ್ಬ ಹೊಡೆಸಿಕೊಂಡವ, ಅಷ್ಟೇ ಇದ್ದರು. ಅಪ್ಪನ ಫಿರ್ಯಾದಿಯಲ್ಲೂ ಅಷ್ಟೇ ಇತ್ತು. ಅದಕ್ಕಿಂತ ಹೆಚ್ಚಾಗಿ, ತುತ್ತು ಬಾಯಿಗಿಟ್ಟ ಅಷ್ಟು ದಿನಗಳಲ್ಲಿ ಇವರು ಒರತೆಯ ಕಥೆ ಹೇಳಿದ್ದರು, ಈ ಮಾತು ಹೇಳಿರಲಿಲ್ಲ.

ಹಿರಿಯರು ಗೋಡೆಯ ಕಡೆ ನೋಡಿ, "ವಕೀಲ್ರ ಮಗಳ, ನಿಂಗೇನು ಬೇಕವ್ವಾ?" ಎಂದು ಕೇಳಿದರು.

"ಕಾಯ್ದೆ ಪ್ರಕಾರ ಶಿಕ್ಷೆ ಆಗಲಿ," ಎಂದೆ ನಾನು, ಪುಸ್ತಕದ ಭಾಷೆಯಲ್ಲಿ.

"ಆಗ್ಲಿ. ಅಂವ ಜೇಲಿಗೆ ಹೋದ ಅಂತ ತಿಳಿ. ನಿಮ್ಮ ಗದ್ದಿಗೆ ನೀರು ಯಾರು ಕಟ್ಟವ್ರು? ಅವನ ಗದ್ದಿಗೆ ಯಾರು ಕಟ್ಟವ್ರು?"

ನಾನು ಮುಖ ತಿರುಗಿಸಿದೆ. ಪಕ್ಕದಲ್ಲಿ ಅವನ ಹೆಂಡತಿ, ನನಗಿಂತ ಸಣ್ಣವಳು, ಸೆರಗು ಬಾಯಿಗೆ ಒತ್ತಿ ಕೂತಿದ್ದಳು.

ತೀರ್ಪು ಹೀಗಿತ್ತು: "ಇವನ ಕೈ ಬರೋತನಕ ನೀನ ಇವನ ಬಲಗೈ. ಬಲಗೈ ಏನೇನು ಮಾಡ್ತಿತ್ತೋ ಅದೆಲ್ಲಾ ನೀ ಮಾಡ್ಬೇಕು. ಕೈ ಬಂತು ಅಂತ ಇವ್ನ ದೈವದಾಗ ಬಂದು ಹೇಳ್ಬೇಕು. ಅಲ್ಲೀತನಕ ಬಿಡುಗಡಿ ಇಲ್ಲ."

ಹಿಂದಿನಿಂದ ಯಾರೋ, "ಎಲ್ಲಾನೂ ಮಾಡ್ಬೇಕೇನ್ರಿ?" ಎಂದರು.

"ಎಡಗೈ ಕೆಲಸ ಅಂವಾ ಮಾಡ್ಕೋತಾನ ಬಿಡಲೇ!" ಎಂದು ಇನ್ನೊಬ್ಬರು. ಎಲ್ಲರೂ ನಕ್ಕರು. ಕಂಬಳಿಯ ಮೇಲಿನ ಇಬ್ಬರೂ ನಕ್ಕರು. ನಾನೊಬ್ಬಳೇ ನಗಲಿಲ್ಲ ಎಂದು ನೆನಪು. ಅವನ ಹೆಂಡತಿಯೂ ನಕ್ಕಿರಲಿಕ್ಕಿಲ್ಲ.

ಹಿರಿಯರು ಹೇಳಿದ್ದು ಗದ್ದೆಯ ಕೆಲಸಕ್ಕೆ ಎಂದು ನಾನು ತಿಳಿದಿದ್ದೆ. ಆದರೆ ನಮ್ಮೂರಿನವರು ದೈವದ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವವರು. ಅವನು ಮಾರನೆಯ ದಿನ ಬೆಳಕು ಹರಿಯುವ ಮುನ್ನವೇ ಬಂದ. ಎತ್ತು ಬಿಚ್ಚಿದ. ಇವರಿಗೆ ಧೋತರದ ಕಚ್ಚೆ ಹಾಕಿದ, ರುಮಾಲು ಸುತ್ತಿದ, ಎಲೆಗೆ ಸುಣ್ಣ ಸವರಿ ಮಡಿಚಿ ಕೊಟ್ಟ. ನಾನು ರುಮಾಲು ಸುತ್ತಿದಾಗ ಅದು ಎರಡು ಸಲ ಬಿಚ್ಚಿಹೋಗಿತ್ತು. ಅವನದು ಸಂಜೆಯವರೆಗೆ ಅಲುಗಲಿಲ್ಲ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನಾನೇ ಹೊರಟೆ. "ಆಳಿನ ಕೈಲೆ ಕಳ್ಸಿದ್ರಾತು, ನೀ ಯಾಕ ಬಿಸಲಾಗ?" ಎಂದರು ಅತ್ತೆ. ಉಣಿಸಬೇಕಲ್ಲ, ಎಂದೆ. ಅತ್ತೆ ನಕ್ಕರು.

ಗದ್ದೆಯಲ್ಲಿ, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಹೆಂಗಸರು ಸಾಲಾಗಿ ಬಾಗಿ ನಾಟಿ ಮಾಡುತ್ತಿದ್ದರು. ಇವರಿಬ್ಬರೂ ಬದುವಿನ ಮೇಲೆ ಕೂತಿದ್ದರು. ನಾನು ಬುತ್ತಿ ಬಿಚ್ಚುವಷ್ಟರಲ್ಲಿ ಅವನು ಕೈ ತೊಳೆದುಕೊಂಡು ಬಂದ, ರೊಟ್ಟಿ ಮುರಿದ, ಪುಂಡಿಪಲ್ಲೆ ಹಚ್ಚಿದ, ಇವರ ಬಾಯಿಗಿಟ್ಟ. ಇವರು ಬಾಯಿ ತೆರೆದರು. ಯಾವ ಸಂಕೋಚವೂ ಇಲ್ಲ. ನಾನು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದೆ.

"ವೈನಿ, ನೀವು ಕುಂದ್ರ್ರಿ ನೆಳ್ಳಾಗ. ಇದು ನನ್ನ ಡ್ಯೂಟಿ," ಎಂದ ಅವನು.

"ನಾನು ಮಾಡ್ತೀನಿ ಬಿಡಪ್ಪ," ಎಂದೆ.

"ಬ್ಯಾಡ್ರಿ. ದೈವದ ಮಾತು ಮುರದಂಗಾಗ್ತೈತಿ."

ಇವರು ಬಾಯಿತುಂಬ ತುತ್ತಿಟ್ಟುಕೊಂಡು, "ಹೌದು, ಇದು ಇವನ ಪಾಲಿಂದು," ಎಂದರು. ಅವನು ಏನೋ ಮೆಲ್ಲಗೆ ಹೇಳಿದ. ಇವರಿಗೆ ನಗು ಬಂದು, ಕೆಮ್ಮು ಬಂದು, ಅವನು ಬೆನ್ನು ತಟ್ಟಬೇಕಾಯಿತು. ಇವರಿಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಮುಂದೆ ಅವನೇ ಅವರ ದಿನ. ರಾತ್ರಿ ಊಟಕ್ಕೂ ನಿಂತು, ಉಣಿಸಿಯೇ ಮನೆಗೆ ಹೋಗುತ್ತಿದ್ದ. ಅತ್ತೆಗೆ ಅವನ ಮೇಲೆ ಪ್ರೀತಿ ಹುಟ್ಟಿತು. "ಕೈ ಮುರಿದ ಕೈಲೇನ ಉಣಸ್ತಾನ ನೋಡು, ಭಾಡ್ಯಾ," ಎಂದು ಬೈದುಕೊಂಡೇ ಅವನಿಗೆ ತುಪ್ಪ ಬಡಿಸುತ್ತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಅವರಿಬ್ಬರ ಮಾತಿಗೆ ಕಿವಿಯಾಗುತ್ತಿದ್ದೆ. ಎತ್ತು, ಗೊಬ್ಬರ, ಕ್ಯಾಂಪಿನವರು ಸಸಿ ಹಾಕುವ ರೀತಿ. ನಾನು ಓದಿದ ಯಾವುದೂ ಆ ಮಾತುಗಳ ನಡುವೆ ಕಾಲಿಡುವಂತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಗೊಬ್ಬರದ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೊಂದನ್ನು ಹೇಳಿದೆ. ಇಬ್ಬರೂ ಗೌರವದಿಂದ ಕೇಳಿ, ತಲೆಯಾಡಿಸಿ, ನಾನು ಮುಗಿಸುವುದನ್ನೇ ಕಾದು ತಮ್ಮ ಮಾತಿಗೆ ಮರಳಿದರು.

ಆ ಮಾತೇನು ಎಂದು ನಾನು ಕೇಳಿದೆ. ತೂಬಿನ ಹತ್ತಿರ ಅವನಿಗೆ ಏನೆಂದಿರಿ?

"ಅದು ದೈವದಾಗ ಮುಗೀತು."

"ನನಗೂ ಹೇಳಬಾರದೇನ್ರಿ?"

"ನಿಂಗ್ಯಾಕ ಬೇಕದು?"

ನನಗೆ ಯಾಕೆ ಬೇಕಿತ್ತೆಂದರೆ, ಅದು ಅವರಿಬ್ಬರಲ್ಲಿತ್ತು. ನನ್ನ ಗಂಡ ಅತ್ಯಂತ ಕೆಟ್ಟವನಾಗಿದ್ದ ಒಂದು ಗಳಿಗೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಬಾಯಿಗೆ ತುತ್ತಿಡುತ್ತಿದ್ದ. ನನ್ನೆದುರಿಗೆ ಇವರು ಯಾವತ್ತೂ ಕೆಟ್ಟವರಾಗಿರಲಿಲ್ಲ. ಮನೆಗೆ ಬಂದ ಅತಿಥಿಯೊಡನೆ ಎಂಬಂತೆ ನನ್ನೊಡನೆ ನಡೆದುಕೊಳ್ಳುತ್ತಿದ್ದರು. ಅಪ್ಪನ ಕೋರ್ಟಿನಲ್ಲಾಗಿದ್ದರೆ ಆ ಮಾತನ್ನು ಪಾಟಿ ಸವಾಲಿನಲ್ಲಿ ಹೊರಗೆಳೆದು, ಬರೆಸಿ, ಎಲ್ಲರಿಗೂ ಓದಿ ಹೇಳುತ್ತಿದ್ದರು. ನನಗೆ ಕೋರ್ಟು ಬೇಕಿದ್ದದ್ದು ನ್ಯಾಯಕ್ಕಾಗಿಯೋ, ಇದಕ್ಕಾಗಿಯೋ? ಇಂದಿಗೂ ನನಗೆ ಆ ಮಾತು ಗೊತ್ತಿಲ್ಲ.

ದಸರೆಗೆ ಅಪ್ಪ ನನ್ನನ್ನು ನೋಡಲು ಬಂದರು. ಅವನೇ ಕಾಲಿಗೆ ನೀರು ತಂದುಕೊಟ್ಟ, ಟವೆಲ್ ಹಿಡಿದು ನಿಂತ. ಅಪ್ಪ ಒಳಗೆ ಬಂದು, "ಈ ಹುಡುಗ ಭಾಳ ಛಲೋ ಅದಾನ. ಯಾರಿಂವ?" ಎಂದು ಕೇಳಿದರು.

"ಆರೋಪಿ," ಎಂದೆ.

ಅಪ್ಪ ಮತ್ತೊಮ್ಮೆ ಹೊರಗೆ ಇಣುಕಿದರು. ಹೋಗುವಾಗ ಬಸ್ಸಿನ ಹತ್ತಿರ, "ನನ್ನ ಕಕ್ಷಿದಾರರು ಗೆದ್ದ ಮ್ಯಾಲೂ ಎದುರಿನವನ ಮಾರಿ ನೋಡಂಗಿಲ್ಲ. ಇದೇನಿದು?" ಎಂದರು. ಸೋತವರ ದನಿ ಅದು. ಅಪ್ಪನ ಮಗಳು ನಾನು ಎಂದು ಅವತ್ತು ಚೆನ್ನಾಗಿ ತಿಳಿಯಿತು.

ಪಟ್ಟಿ ಬಿಚ್ಚಿದ್ದೂ ಆ ಹೊತ್ತಿನಲ್ಲೇ. ಕೈ ಸಣಕಲಾಗಿತ್ತು, ಬಲ ಬರಲು ಸ್ವಲ್ಪ ದಿನ ಬೇಕೆಂದು ಡಾಕ್ಟರು ಹೇಳಿದ್ದರು. ನಾನು ಎಣ್ಣೆ ತಿಕ್ಕಿದೆ. ಭತ್ತ ತೆನೆ ಬಿಟ್ಟಿತು, ಬಾಗಿತು. ಅವನು ಬರುತ್ತಲೇ ಇದ್ದ, ಉಣಿಸುತ್ತಲೇ ಇದ್ದ.

ಒಂದು ದಿನ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಅವನ ಹೆಂಡತಿ ಪಕ್ಕದ ಕಲ್ಲಿಗೆ ಬಂದಳು. ನಾವು ಅದುವರೆಗೆ ಮಾತಾಡಿರಲಿಲ್ಲ. ಅವಳು ಒಂದು ಸೀರೆ ಪೂರ್ತಿ ಕುಕ್ಕಿ ಒಗೆದು, ಆಮೇಲೆ ಬಾಯಿ ಬಿಟ್ಟಳು.

"ಯಕ್ಕಾ, ನಿಮ್ಮಾರ ಕೈ ಯಾವಾಗ ನೆಟ್ಟಗಾಗ್ತೈತ್ರಿ?"

"ಇನ್ನಾ ಬಲ ಬಂದಿಲ್ಲವ್ವಾ."

"ಬಲಾ ಬಂದಿಲ್ಲ?" ಅವಳು ಸೊಂಟಕ್ಕೆ ಕೈಯಿಟ್ಟಳು. "ನಿನ್ನೆ ಬದುವಿನ ಮ್ಯಾಲ ಇಬ್ರೂ ಕೈಗೆ ಕೈ ಕೊಟ್ಟು ಪಂಜಾ ಹಿಡೀತಿದ್ರು. ನಿಮ್ಮಾರು ನಮ್ಮಾರ ಕೈ ಮುರಿಯಂಗ ಒತ್ತಿದ್ರು. ನಾ ಕಣ್ಣಾರೆ ನೋಡೀನಿ."

ನನ್ನ ಕೈಯಲ್ಲಿದ್ದ ಬಟ್ಟೆ ನೀರಿಗೆ ಹೋಯಿತು. ಅವಳೇ ಹಿಡಿದು ಕೊಟ್ಟಳು.

"ನಮ್ಮ ಮನಿ ಗಂಡಸ್ನ ನಿಮ್ಮ ಮನಿಗೆ ಕೊಟ್ಟು ಕುಂತೀನಿ ನಾ. ನಮ್ಮ ಗದ್ದಿ ಕಳೆ ನಾನ ಕಿತ್ತೀನಿ. ಮನಿಗೆ ಬಂದ್ರ, ಅಣ್ಣ ಹಂಗಂದ, ಅಣ್ಣ ಹಿಂಗಂದ. ನನ್ನ ಕೂಡ ಒಂದು ಮಾತಿಲ್ಲ. ಜೇಲಿಗೆ ಹೋಗಿದ್ರ ಹಬ್ಬಕ್ಕರ ಬಿಡ್ತಿದ್ರೋ ಏನೋ!"

ನನಗೆ ನಗು ಬಂತು, ಅವಳಿಗೂ ಬಂತು. ಇಬ್ಬರೂ ಕಾಲು ನೀರಿಗೆ ಬಿಟ್ಟು ನಕ್ಕೆವು. ಆದರೆ ಮನೆಗೆ ಬರುವಾಗ ನನ್ನ ಎದೆ ಉರಿಯುತ್ತಿತ್ತು.

ಅಂದು ಸಂಜೆ ಅವನು ಬರುವ ಮುನ್ನ ನಾನು ತುಂಬಿದ ಕೊಡವೊಂದನ್ನು ಇವರ ಮುಂದಿಟ್ಟು, "ಎತ್ತಿಕೊಡ್ರಿ," ಎಂದೆ. ಇವರು ನನ್ನನ್ನು ನೋಡಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಬಲಗೈಯಿಂದ ಕೊಡ ಎತ್ತಿ, ನನ್ನ ಸೊಂಟಕ್ಕಿಟ್ಟರು.

"ಯಾವಾಗಿನಿಂದ?"

"ಆತು, ಸ್ವಲ್ಪ ದಿನ."

"ದೈವಕ್ಕೆ ಯಾಕ ಹೇಳಿಲ್ಲ?"

"ಹೇಳಿದ್ರ ಅಂವ ನಾಳಿಂದ ಬರಂಗಿಲ್ಲ," ಎಂದರು. ಇಷ್ಟು ಸರಳವಾಗಿ. ನನಗೆ ನೋವಾಗಬಹುದೆಂಬ ಅನುಮಾನವೂ ಅವರಿಗೆ ಬಂದಂತೆ ಕಾಣಲಿಲ್ಲ.

"ಬರದಿದ್ರ ಏನಾಗ್ತದ? ಮನಿಯಾಗ ನಾ ಇಲ್ಲೇನು? ನಾ ಉಣಿಸಿದ್ರ ನಿಮಗ ರುಚಿಸಂಗಿಲ್ಲೇನು?" ನನ್ನ ದನಿ ಅಂಗಳ ದಾಟಿರಬೇಕು, ಅತ್ತೆ ಬಾಗಿಲಿಗೆ ಬಂದು ನಿಂತರು. "ನೀವು ಹೇಳ್ತೀರೋ, ನಾನ ಹೋಗಿ ಹೇಳ್ಲೋ? ಅಲ್ಲಿ ಅವನ ಹೆಂಡ್ತಿ ಒಬ್ಬಾಕಿನ ಗದ್ದಿ ನೋಡ್ಕೋಳಾಕತ್ಯಾಳ."

ನಾನು ಅವನ ಹೆಂಡತಿಯ ಹೆಸರು ಹೇಳಿಕೊಂಡು ನನ್ನದನ್ನು ಸಾಧಿಸಿದೆ. ಇವರು ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. "ಆತು ಬಿಡು," ಎಂದರು.

ದೈವ ಮತ್ತೆ ಕೂಡಿತು. ಇವರು ಎದ್ದು ನಿಂತು, "ಕೈ ಬಂದೈತ್ರಿ," ಎಂದರು. ಹಿರಿಯರು ಸಲಿಕೆ ತರಿಸಿದರು. ಇವರು ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಇಳಿಸಿದರು. ಅವನಿಗೆ ಬಿಡುಗಡೆಯಾಯಿತು. ಹಿರಿಯರ ಮನೆಯಿಂದ ಬಂದ ಒಂದೇ ಗಂಗಾಳದಲ್ಲಿ ಇಬ್ಬರೂ ಉಂಡರು, ತಮ್ಮ ತಮ್ಮ ಕೈಯಿಂದ. ತಲೆ ಎತ್ತದೆ ಉಂಡರು. ಮದುವೆಯಾಗಿ ತವರು ಬಿಡುವ ಹೆಣ್ಣುಮಕ್ಕಳ ಹಾಗೆ ಕಾಣುತ್ತಿದ್ದರು ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ನಾನು ಗೋಡೆಯ ಪಕ್ಕದಲ್ಲಿದ್ದೆ, ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಕಂಡದ್ದು ಬೆನ್ನುಗಳು ಮಾತ್ರ.

ಮಾರನೆಯ ದಿನ ಅವನು ಬರಲಿಲ್ಲ. ಇವರು ತಾವೇ ರುಮಾಲು ಸುತ್ತಿಕೊಂಡರು. ನಾನು ಬುತ್ತಿ ಒಯ್ದೆ. ಬದುವಿನ ಮೇಲೆ ಅವರ ಪಕ್ಕದಲ್ಲಿ ಕೂತೆ. ನನ್ನ ಜಾಗ ಅದು, ಅಷ್ಟು ತಿಂಗಳು ನಾನು ಕಾದ ಜಾಗ. ಇವರು ರೊಟ್ಟಿ ಮುರಿದು ತಿಂದರು. ಒಂದು ತುತ್ತು ನಾನು ಮಾಡಿ ಕೈ ಚಾಚಿದೆ. "ಕೈ ಬಂದೈತಲ್ಲ," ಎಂದರು, ಸೌಮ್ಯವಾಗಿಯೇ. ಆ ತುತ್ತನ್ನು ನಾನೇ ತಿಂದೆ. ಮೇಲಿನ ಗದ್ದೆಯಲ್ಲಿ ಅವನು ಬಾಗಿ ಏನೋ ಮಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕರೆಯಲಿಲ್ಲ.

ಹೀಗೆ ಒಂದೆರಡು ದಿನ ಕಳೆದವು. ಆಮೇಲೆ ಒಂದು ಸಂಜೆ ಅವನು ಬಂದ. ಕೈಯಲ್ಲಿ ಕೆಲಸವಿಲ್ಲ, ಕಾರಣವಿಲ್ಲ. ಅಂಗಳದಲ್ಲಿ ನಿಂತು, "ಅಣ್ಣಾ, ಸುಮ್ನ ಬಂದ್ನಿ," ಎಂದ.

ಇವರು ಹೊರಸಿನಿಂದ ಎದ್ದ ರೀತಿಯನ್ನು ನಾನು ಮರೆತಿಲ್ಲ. ಇದನ್ನು ದಿನಚರಿಯಲ್ಲಿ ಬರೆದಿಲ್ಲ, ಆದರೂ ಇದೊಂದು ನೆನಪನ್ನು ನಾನು ಅನುಮಾನಿಸುವುದಿಲ್ಲ. ಇಷ್ಟು ದಿನ ಅವನು ಬರುತ್ತಿದ್ದದ್ದು ದೈವದ ಅಪ್ಪಣೆಯಿಂದ. ಅದೊಂದು ಶಿಕ್ಷೆ, ಮುಗಿಯುತ್ತದೆ ಎಂದು ನಾನು ಪ್ರತಿ ರೊಟ್ಟಿ ಬಡಿಯುವಾಗಲೂ ನನಗೇ ಹೇಳಿಕೊಂಡಿದ್ದೆ. ಹಟ ಹಿಡಿದು ಅದನ್ನು ಮುಗಿಸಿದವಳೂ ನಾನೇ. ಈಗ ಅವನು ತನ್ನ ಖುಷಿಯಿಂದ ಬಂದಿದ್ದ. ಇದನ್ನು ಬಿಡಿಸಲು ಯಾವ ದೈವಕ್ಕೆ ಹೋಗಲಿ, ಅಪ್ಪನ ಯಾವ ಕೋರ್ಟಿಗೆ ಹೋಗಲಿ?

"ಹೆಂಡ್ತಿ ಬಿಟ್ಟಾಳೇನೋ?" ಎಂದು ಇವರು ಕೇಳಿದರು.

"ಬೈಕೋತ ಬಿಟ್ಟಾಳ," ಎಂದ ಅವನು. ಇಬ್ಬರೂ ನಕ್ಕರು.

ಅತ್ತೆ ಒಳಗಿನಿಂದ ಕೂಗಿದರು. "ವಕೀಲ್ರ ಮಗಳ, ಇನ್ನೊಂದು ಗಂಗಾಳ ಹಾಕು."

ಹಾಕಿದೆ. ತುಪ್ಪವನ್ನೂ ಹಾಕಿದೆ, ಅತ್ತೆ ಹಾಕುತ್ತಿದ್ದುದಕ್ಕಿಂತ ಸ್ವಲ್ಪ ಕಡಿಮೆ.